ಬಾಣಂತನ ಯಾರ ಮನೆಯ ಜವಾಬ್ದಾರಿ?

(ಹರಿಹರ ತಾಲ್ಲೂಕು ಕೊಕ್ಕನೂರಿನ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಅಕ್ಕಂದಿರು ದಯಮಾಡಿ ಮುಂದೆ ಬಂದು ಕುಳಿತುಕೊಳ್ಳಬೇಕು. ಇವತ್ತಿನ ಮಾತು ಬಸುರಿ, ಬಾಣಂತಿಯರ ಬಗ್ಗೆ ಅಂತ ತಿಳಿದು ಗಂಡಸರು ಯಾರೂ ಎದ್ದು ಹೋಗಬಾರದು. ನಾನು ಬಂದಿರುವುದೇ ನಿಮ್ಮ ಹತ್ತಿರ ಮಾತಾಡಲಿಕ್ಕೆ. ಹೆಣ್ಣುಮಕ್ಕಳಿಗೆ ಹೇಳಬೇಕಾದ್ದನ್ನು ಮೂವತ್ತು ವರ್ಷಕ್ಕಿಂತ ಹೆಚ್ಚು ಮನೆಮನೆಗೆ ಹೋಗಿ ಹೇಳಿದ್ದೇನೆ. ಅವರು ಕೇಳಿದ್ದಾರೆ. ಕೇಳಿದ್ದನ್ನು ಮಾಡಲಿಕ್ಕೆ ಅವರ ಕೈಯಲ್ಲಿ ದುಡ್ಡೂ ಇರಲಿಲ್ಲ, ಮಾತೂ ಇರಲಿಲ್ಲ.

ಹೆರಿಗೆಯಲ್ಲಿ ಸತ್ತವರ ಲೆಕ್ಕವನ್ನು ಸರ್ಕಾರ ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಅಂತ ಇಡುತ್ತದೆ. ಬಸುರಿಯಾದಾಗಿನಿಂದ ಹೆರಿಗೆಯಾಗಿ 42 ದಿನದವರೆಗೆ ಆ ಕಾರಣಕ್ಕೆ ಸತ್ತವರೆಲ್ಲ ಆ ಲೆಕ್ಕಕ್ಕೆ ಬರುತ್ತಾರೆ. ಕರ್ನಾಟಕದಲ್ಲಿ 2001–03ರ ಹೊತ್ತಿಗೆ ಈ ಸಂಖ್ಯೆ 228. 2018–20ರ ಹೊತ್ತಿಗೆ 69. ಇದು ಸಣ್ಣ ಸಾಧನೆಯಲ್ಲ, ನನ್ನಂಥ ಸಾವಿರಾರು ಹೆಣ್ಣುಮಕ್ಕಳ ಕಾಲಿನ ನೋವು ಅದರೊಳಗಿದೆ. ಆದರೆ ಅದೇ 2018–20ರಲ್ಲಿ ತಮಿಳುನಾಡಿನ ಸಂಖ್ಯೆ 54, ಕೇರಳದ್ದು 19. ನಮ್ಮ ಕಡೆಯ ಬಸುರಿಗೂ ಕೇರಳದ ಬಸುರಿಗೂ ದೇಹ ಒಂದೇ, ನೋವು ಒಂದೇ. ಹಾಗಾದರೆ 69ಕ್ಕೂ 19ಕ್ಕೂ ನಡುವಿನ ಆ ಐವತ್ತು ತಾಯಂದಿರು ಯಾವುದರಿಂದ ಸತ್ತರು?

‘ಹಣೆಬರಹ’ ಅಂತ ಒಬ್ಬ ಹಿರಿಯರು ಒಮ್ಮೆ ನನಗೆ ಉತ್ತರ ಕೊಟ್ಟಿದ್ದರು. ವಿಭೂತಿ ಧರಿಸಿದ ಹಣೆ ಅವರದು. ಹಣೆಬರಹವನ್ನು ಒಪ್ಪದ ಶರಣರ ಹೆಸರು ಹೇಳುವವರ ಬಾಯಲ್ಲಿ ಆ ಮಾತು ಬರಬಾರದಿತ್ತು ಅಂತ ಅವರಿಗೆ ಅಲ್ಲಿಯೇ ಹೇಳಿದೆ.

ಹಿಂದಿನ ಕಾಲದಲ್ಲಿ ಸಿರಿವಂತಿಕೆಯೂ ಕಾಯುತ್ತಿರಲಿಲ್ಲ, ನಿಜ. ತಾಜಮಹಲು ನೋಡಿ ಬಂದವರು ನಿಮ್ಮಲ್ಲಿ ಇರಬಹುದು. ಅದು ಬಾಣಂತಿಯ ಗೋರಿ. ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೇ ಹೆರಿಗೆಯಲ್ಲಿ ತೀರಿಕೊಂಡಳು. ಬಾದಶಹನ ಖಜಾನೆಯಲ್ಲಿ ಅಮೃತಶಿಲೆಗೆ ದುಡ್ಡಿತ್ತು, ರಕ್ತಸ್ರಾವ ನಿಲ್ಲಿಸುವ ಔಷಧಿ ಮಾತ್ರ ಲೋಕದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಈಗ ಆ ಔಷಧಿ ಇದೆ, ಬೆಲೆಯೂ ಹೆಚ್ಚಲ್ಲ. ಔಷಧಿ ಇದ್ದೂ ತಾಯಿ ಸತ್ತರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಆ ಕಾರಣವನ್ನು 1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೈನ್ ಎಂಬ ಇಬ್ಬರು ಹೆಣ್ಣುಮಕ್ಕಳು ಸರಳವಾಗಿ ಬರೆದಿಟ್ಟರು. ತಾಯಿ ಸಾಯುವುದು ಮೂರು ತಡಗಳಿಂದ ಅಂದರು. ಆಸ್ಪತ್ರೆಗೆ ಹೋಗಬೇಕು ಅಂತ ಮನೆಯವರು ತೀರ್ಮಾನಿಸುವುದರಲ್ಲಿ ತಡ, ಹೋಗಿ ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ನಾವು ಆಸ್ಪತ್ರೆಯನ್ನು ಬೈಯುವಾಗ ಮೂರನೆಯದನ್ನು ಮಾತ್ರ ನೋಡುತ್ತೇವೆ. ಮೊದಲನೆಯದು ನಮ್ಮ ಪಡಸಾಲೆಯಲ್ಲೇ ಕುಳಿತಿರುತ್ತದೆ.

ನಮ್ಮ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೇ ತಿಂಗಳಿಗೋ ಒಂಬತ್ತನೇ ತಿಂಗಳಿಗೋ ಕುಬುಸ ಮಾಡಿ, ಉಡಿ ತುಂಬಿ ಕಳಿಸುತ್ತಾರೆ. ಮಗಳಿಗೆ ತಾಯಿಯ ಮಡಿಲು ಸಿಗಲಿ ಎಂಬ ಪದ್ಧತಿ, ನಾನು ಅದನ್ನು ಬೇಡ ಅನ್ನುವುದಿಲ್ಲ. ಗಂಡನ ಮನೆಯಲ್ಲಿ ಸೊಂಟ ನೋವು ಅಂತ ಬಾಯಿಬಿಟ್ಟು ಹೇಳಲಾಗದವಳು ಅವ್ವನ ಹತ್ತಿರ ಹೇಳುತ್ತಾಳೆ. ಆದರೆ ಇದರ ಇನ್ನೊಂದು ಮುಖ ನೋಡಿ. ಆರು ತಿಂಗಳು ಇಲ್ಲಿಯ ಆಶಾ ಕಾರ್ಯಕರ್ತೆ ಅವಳ ಬಿ.ಪಿ., ರಕ್ತ, ತೂಕ ನೋಡಿ ಬರೆದಿರುತ್ತಾಳೆ. ಏಳನೇ ತಿಂಗಳಲ್ಲಿ ಆಕೆ ಹರಪನಹಳ್ಳಿ ಕಡೆಗೋ ರಾಣೆಬೆನ್ನೂರು ಕಡೆಗೋ ಹೋಗುತ್ತಾಳೆ. ತಾಯಿ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲಿ ಉಳಿಯುತ್ತದೆ. ಅಲ್ಲಿಯ ಆಶಾಗೆ ಈ ಹುಡುಗಿ ಬಂದದ್ದೇ ಗೊತ್ತಿಲ್ಲ. ಬಿ.ಪಿ. ಏರುವುದು, ಕಾಲು ಊದುವುದು, ತಲೆನೋವು, ಕಣ್ಣು ಮಂಜಾಗುವುದು ಹೆಚ್ಚಾಗಿ ಶುರುವಾಗುವುದು ಆ ಕೊನೆಯ ಮೂರು ತಿಂಗಳಲ್ಲೇ. ಅತಿ ಹೆಚ್ಚು ಕಣ್ಣಿಡಬೇಕಾದ ಹೊತ್ತಿಗೆ ಯಾರ ಕಣ್ಣೂ ಇಲ್ಲದ ಜಾಗಕ್ಕೆ ಅವಳನ್ನು ಕಳಿಸುತ್ತೇವೆ.

ಇದರ ಜೊತೆಗೆ ದುಡ್ಡಿನ ವಿಚಾರ. ಚೊಚ್ಚಲ ಬಾಣಂತನದ ಖರ್ಚು ತವರಿನದು ಅಂತ ಬರೆಯದ ಕರಾರು. ಮದುವೆಗೆ ಮಾಡಿದ ಸಾಲ ತೀರಿಲ್ಲದ ಅಪ್ಪ ಮತ್ತೆ ಆಸ್ಪತ್ರೆ, ತೊಟ್ಟಿಲು, ಮಗುವಿಗೆ ಉಡುದಾರ, ಬೀಗರಿಗೆ ಬಟ್ಟೆ ಅಂತ ಕೈಚಾಚಬೇಕು. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಬಂದರೆ ಅವರು ಮೊದಲು ಮಾಡುವುದು ಬೀಗರಿಗೆ ಫೋನು. ‘ಬೆಳಿಗ್ಗೆ ನೋಡಾಣ’ ಅಂತ ಆ ಕಡೆಯಿಂದ. ‘ಅವರನ್ನ ಕೇಳದಂಗ ಆಪರೇಷನ್‌ಗೆ ಸೈ ಹೆಂಗ ಹಾಕೋದು’ ಅಂತ ಈ ಕಡೆಯಿಂದ. ಎರಡು ಮನೆಯ ಮರ್ಯಾದೆಯ ನಡುವೆ ಮೂರು ತಾಸು ಹೋಗುತ್ತದೆ. ರಕ್ತಸ್ರಾವ ಶುರುವಾದ ತಾಯಿಗೆ ಅಷ್ಟು ಹೊತ್ತಿನ ಆಯುಸ್ಸು ಇರುವುದಿಲ್ಲ. ಇದನ್ನೆಲ್ಲ ನೋವು ತಿನ್ನುವವಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಈಗ ರಕ್ತದ ವಿಷಯಕ್ಕೆ ಬರುತ್ತೇನೆ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. 7ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಜನರಿಗೆ ರಕ್ತ ಕಡಿಮೆ. ಸಹಜ ಹೆರಿಗೆಯಲ್ಲೂ ಅರ್ಧ ಲೀಟರಿನ ಹತ್ತಿರ ರಕ್ತ ಹೋಗಬಹುದು. ಮೈಯಲ್ಲಿ ರಕ್ತ ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ. ರಕ್ತ ಇಲ್ಲದವಳಿಗೆ ಅಷ್ಟೇ ಸಾಕು, ಹೃದಯ ಸೋಲುತ್ತದೆ. ಕಾಗದದಲ್ಲಿ ‘ರಕ್ತಸ್ರಾವದಿಂದ ಸಾವು’ ಅಂತ ಬರೆಯುತ್ತಾರೆ. ಅವಳ ಸಾವು ಶುರುವಾದದ್ದು ಅನ್ನದ ತಟ್ಟೆಯಲ್ಲಿ, ಬಹಳ ಹಿಂದೆ.

ಕೊಕ್ಕನೂರು ಭದ್ರಾ ನಾಲೆಯ ಸೀಮೆ. ಮಲೇಬೆನ್ನೂರು ಸುತ್ತ ಎಲ್ಲಿ ನೋಡಿದರೂ ಭತ್ತ. ನೀರು ಬಂದದ್ದು ಒಳ್ಳೆಯದೇ ಆಯಿತು, ಮನೆಗಳು ಎದ್ದವು, ಮಕ್ಕಳು ಓದಿದರು. ಆದರೆ ಜೋಳದ ರೊಟ್ಟಿ, ನವಣೆ, ರಾಗಿ ಮುದ್ದೆ ಇದ್ದ ತಟ್ಟೆಗೆ ಪಾಲಿಶ್ ಅಕ್ಕಿ ಬಂತು. ಎರಡು ಹೊತ್ತು ಅನ್ನ, ತಿಳಿ ಸಾರು, ಊಟ ಮುಗಿದ ಕೂಡಲೇ ಚಹಾ. ಆ ಚಹಾ ಇದ್ದಬದ್ದ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಇದರ ಮೇಲೆ ಊಟದ ಸರದಿ. ಗಂಡಸರು, ಮಕ್ಕಳು, ಅತ್ತೆ ಉಂಡ ಮೇಲೆ ಸೊಸೆ. ತಳದಲ್ಲಿ ಉಳಿದ ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಎಲ್ಲರಿಗೂ ದಾಸೋಹ ಕಲಿಸಿದವರ ಅಡುಗೆಮನೆಯಲ್ಲಿ ಬಸುರಿ ಕೊನೆಯ ಪಂಕ್ತಿ.

ಇದು ಸ್ವಂತ ಹೊಲ ಇದ್ದವರ ಮನೆಯ ಮಾತು. ನಿಮ್ಮ ಗದ್ದೆಯಲ್ಲಿ ನಾಟಿ ಮಾಡುವವರು ಯಾರು? ಕೂಲಿ ಹೆಣ್ಣುಮಕ್ಕಳು. ಈಗ ನಾಟಿ ಗುತ್ತಿಗೆಯ ಕೆಲಸ. ತಂಡದಲ್ಲಿ ಒಬ್ಬಳು ನಿಧಾನ ಮಾಡಿದರೆ ಉಳಿದವರಿಗೆ ನಷ್ಟ. ಹಾಗಾಗಿ ಆರು ತಿಂಗಳ ಬಸುರಿಯೂ ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಲ್ಲುತ್ತಾಳೆ. ಹರಿಹರ, ಮಲೇಬೆನ್ನೂರಿನಲ್ಲಿ ಬೀಡಿ ಕಟ್ಟುವವರು, ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರು ಇದ್ದಾರೆ. ದಾವಣಗೆರೆಯ ಮಂಡಕ್ಕಿ ತಿನ್ನದವರು ಇಲ್ಲಿ ಯಾರೂ ಇಲ್ಲ. ಆ ಭಟ್ಟಿಯ ಮುಂದೆ ಎಂಟು ತಿಂಗಳ ಹೊಟ್ಟೆ ಹೊತ್ತು ನಿಂತವಳನ್ನು ನೋಡಿದವರು ಎಷ್ಟು ಜನ?

ಕಾನೂನು ಇದೆಯಲ್ಲ ಅನ್ನುತ್ತೀರಿ. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. 2017ರಲ್ಲಿ ತಿದ್ದುಪಡಿ ಮಾಡಿ ರಜೆಯನ್ನು 26 ವಾರಕ್ಕೆ ಏರಿಸಿದರು. ಅದು ಕಚೇರಿ, ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಇರುವವರಿಗೆ. ಗದ್ದೆಗೆ ಹಾಜರಿ ಪುಸ್ತಕ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಬಸುರಿಗೂ ಕನಿಷ್ಠ 6,000 ರೂಪಾಯಿ ಕೊಡಬೇಕು ಅಂದಿತು. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ 5,000 ಕೊಟ್ಟಿತು, ಅದೂ ಮೊದಲ ಮಗುವಿಗೆ ಮಾತ್ರ. ಆಮೇಲೆ ಎರಡನೆಯದು ಹೆಣ್ಣಾದರೆ 6,000 ಅಂತ ಸೇರಿಸಿದರು. ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಕಿಟ್ ಸೇರಿ 18,000 ಕೊಡುತ್ತಾ ಬಂದಿದೆ. ದುಡ್ಡಿನಿಂದ ಎಲ್ಲವೂ ಆಗುವುದಿಲ್ಲ, ಆದರೆ ಕೂಲಿಯವಳಿಗೆ ಎರಡು ತಿಂಗಳು ಮನೆಯಲ್ಲಿ ಕೂರಲಿಕ್ಕೆ ದುಡ್ಡೇ ಬೇಕು. ‘ಆಸ್ಪತ್ರೆ ಪುಕ್ಕಟೆ’ ಅಂತ ನಾವು ಹೇಳುತ್ತೇವೆ. ಅವಳಿಗೆ ಒಂದು ಸಲ ತಪಾಸಣೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಬಸ್ಸಿನ ದುಡ್ಡು ಉಳಿದಿದೆ. ಬರೀ ಖಾಸಗಿ ಬಸ್ಸು ಓಡಾಡುವ ಊರುಗಳಲ್ಲಿ ಅದೂ ಇಲ್ಲ.

ನನ್ನ ಅನುಭವದಲ್ಲಿ ಅತ್ಯಂತ ಒಳ್ಳೆಯ ಯೋಜನೆ, ಅತ್ಯಂತ ಕೆಟ್ಟದಾಗಿ ಎಡವಿದ ಯೋಜನೆ ಎರಡೂ ಒಂದೇ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಮಾತೃಪೂರ್ಣ ಶುರುವಾಯಿತು. ಬಸುರಿ, ಬಾಣಂತಿಯರು ದಿನಾ ಮಧ್ಯಾಹ್ನ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು. ಅನ್ನ, ಸಾಂಬಾರು, ಪಲ್ಯ, ಹಾಲು, ಶೇಂಗಾ ಚಿಕ್ಕಿ, ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಮನೆಗೆ ರೇಷನ್ ಕೊಟ್ಟರೆ ಅದು ಎಲ್ಲರ ಬಾಯಿಗೆ ಹೋಗುತ್ತದೆ, ಅವಳ ಹೊಟ್ಟೆಗೆ ಹೋಗಲಿ ಅಂತ ಮಾಡಿದ್ದು. ಎಂಥ ಯೋಚನೆ! ಆದರೆ ಬಂದವರು ಯಾರು, ಬಾರದವರು ಯಾರು? ‘ನಮ್ಮ ಸೊಸಿ ಬೀದ್ಯಾಗ ಹೋಗಿ ಎಲ್ಲಾರ ಸಂಗಾಟ ಕುಂತು ಉಣ್ಣೋದಾ ಸಿಸ್ಟರ್?’ ಅಂತ ನಮ್ಮವರ ಮನೆಗಳಲ್ಲೇ ನನಗೆ ಹೇಳಿದರು. ಎಲ್ಲರ ಸಂಗಾಟ ಅಂದರೆ ಯಾರ ಸಂಗಾಟ ಅಂತ ಅವರು ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಡುಗೆ ಮಾಡುವಾಕೆ ಯಾರು, ಪಕ್ಕದಲ್ಲಿ ಕೂರುವಾಕೆ ಯಾರು ಎಂಬ ಲೆಕ್ಕ. ಕೊರಳಲ್ಲಿ ಇಷ್ಟಲಿಂಗ, ಮನಸ್ಸಿನಲ್ಲಿ ಜಾತಿಸೂತಕ. ಹಿಮೋಗ್ಲೋಬಿನ್ ಎಂಟು ಇದ್ದ ಆ ಹುಡುಗಿ ಮನೆಯಲ್ಲಿ ತಿಳಿಸಾರು ಉಂಡಳು.

ಮೊಟ್ಟೆಯ ಮಾತನ್ನೂ ಆಡಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬಾರದು. 2021ರಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವಾಗ ಕೆಲವು ಮಠಗಳಿಂದ ವಿರೋಧ ಬಂತು. ನಮ್ಮ ಮನೆಯಲ್ಲಿಯೂ ಮೊಟ್ಟೆ ತಿನ್ನುವುದಿಲ್ಲ. ತಿನ್ನದಿರುವುದು ನನ್ನ ಆಚಾರ. ಇನ್ನೊಬ್ಬಳ ತಟ್ಟೆಯಿಂದ ಅದನ್ನು ಕಿತ್ತುಕೊಳ್ಳುವುದು ಯಾವ ಆಚಾರ? ಬೇಡವೆನ್ನುವ ಶಕ್ತಿ ನಮಗೆ ಹಾಲು, ತುಪ್ಪ, ಕೊಬ್ಬರಿ ಕೊಳ್ಳಲಿಕ್ಕೆ ಆಗುವುದರಿಂದ ಬಂದದ್ದು. ಅದು ಎಲ್ಲರಿಗೂ ಇಲ್ಲ.

ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಜಾತಿಸೂತಕ, ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ. ಹನ್ನೆರಡನೇ ಶತಮಾನದಲ್ಲಿ ಹೆತ್ತ ತಾಯಿ ಮೈಲಿಗೆಯಲ್ಲ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ಹೆರಿಗೆ ಕೋಣೆಯಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಈಗ ಪುರುಡು ಇಲ್ಲ? ಮನೆಯ ಗಾಳಿ ಬೆಳಕಿಲ್ಲದ ಮೂಲೆ ಕೋಣೆ ಬಾಣಂತಿಗೆ. ಕಿಟಕಿ ಮುಚ್ಚಿ, ಒಳಗೆ ಕೆಂಡದ ಒಲೆ ಇಟ್ಟು, ಹೊಗೆ ಹಾಕುತ್ತಾರೆ. ಮುಚ್ಚಿದ ಕೋಣೆಯ ಕೆಂಡದ ಗಾಳಿ ತಾಯಿ-ಮಗು ಇಬ್ಬರಿಗೂ ವಿಷ. ‘ನೀರು ಕುಡಿದರೆ ಮೈ ಬಾಯ್ತದ’ ಅಂತ ನೀರು ಕೊಡುವುದಿಲ್ಲ. ಹಾಲು ಬರಬೇಕಾದವಳಿಗೇ ನೀರಿಲ್ಲ. ಜೊತೆಗೆ ಉರಿಮೂತ್ರ, ನಂಜು. ಕಾಯಿಸಿ ಆರಿಸಿದ ನೀರನ್ನು ಬೇಕಾದಷ್ಟು ಕೊಡಬೇಕು. ಮೊದಲ ಮೂರು ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಈಗ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಎಮ್ಮೆ ಕರು ಹಾಕಿದರೆ ಗಿಣ್ಣು ಕಾಸಿ ಬೀದಿಗೆಲ್ಲ ಹಂಚುತ್ತೇವೆ. ತಾಯಿಯ ಗಿಣ್ಣುಹಾಲು ಮಾತ್ರ ಮಗುವಿಗೆ ಬೇಡವಂತೆ!

ನಮ್ಮ ಬಾಣಂತನದಲ್ಲಿ ಎಲ್ಲವೂ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಂಟಿನುಂಡೆ, ಅಳವಿ ಪಾಯಸ, ಕೊಬ್ಬರಿ-ಬೆಲ್ಲ, ಎಣ್ಣೆ ನೀರಿನ ಸ್ನಾನ ಇವೆಲ್ಲ ನಮ್ಮ ಅಜ್ಜಿಯರ ತಿಳಿವಳಿಕೆ. ಅಳವಿ ಬೀಜದಲ್ಲಿ ಕಬ್ಬಿಣಾಂಶ ಚೆನ್ನಾಗಿದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಒಂದು ಅಕ್ಷರ ಓದದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ದೊಡ್ಡ ವಿದ್ಯೆ ಕೈಯ ಮೃದುತ್ವದಲ್ಲಿತ್ತು. ಹೆರುವವಳ ತಲೆ ನೇವರಿಸುವ ಆ ಕೈ ಈಗಿನ ಎಷ್ಟೋ ಹೆರಿಗೆ ವಾರ್ಡಿನಲ್ಲಿ ಇಲ್ಲ. ನಾನೂ ಅದೇ ಇಲಾಖೆಯವಳು, ಹೇಳಲಿಕ್ಕೆ ಹಿಂಜರಿಕೆ ಇಲ್ಲ. ಬಡವರ ಮನೆಯ ಹುಡುಗಿ ಕೂಗಿಕೊಂಡರೆ ಬೈಗುಳ ಬೀಳುತ್ತದೆ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಅಂತ ಮಗು ತೋರಿಸಲಿಕ್ಕೆ ದರ ಇಟ್ಟ ಜಾಗಗಳಿವೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ ಎಂಬುದು ನೆನಪಿರಲಿ. ವಾಪಸು ಮನೆಗೆ ಬಿಡಲಿಕ್ಕೆ ನಗು-ಮಗು ಗಾಡಿ ಇದೆ. ಯಾರಾದರೂ ದುಡ್ಡು ಕೇಳಿದರೆ ಊರಿನ ನಾಲ್ಕು ಜನ ಹೋಗಿ ವೈದ್ಯಾಧಿಕಾರಿಗೆ ಬರೆದು ಕೊಡಿ. ಒಬ್ಬಳೇ ಹೋಗಿ ಕೇಳಿದರೆ ಅವಳಿಗೆ ತೊಂದರೆ.

ಪುರುಡಿನ ಕ್ರೂರ ರೂಪ ಕಾಣಬೇಕಾದರೆ 2023ರ ಜುಲೈಯನ್ನು ನೆನಪು ಮಾಡಿಕೊಳ್ಳಿ. ತುಮಕೂರು ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಊರ ಹೊರಗೆ ಗುಡಿಸಲಿನಲ್ಲಿಟ್ಟರು. ಮಳೆ, ಚಳಿ. ಕೂಸು ತೀರಿಕೊಂಡಿತು. ಆಮೇಲೆ ನ್ಯಾಯಾಧೀಶರೇ ಹೋಗಿ ನಿಂತು ಆ ಗುಡಿಸಲು ಕೀಳಿಸಿದರು. ಪತ್ರಿಕೆಯಲ್ಲಿ ಓದಿ ನಮ್ಮವರು ‘ಅಯ್ಯೋ ಅಜ್ಞಾನಿಗಳು’ ಅಂದರು. ಅವರ ಗುಡಿಸಲು ಊರ ಹೊರಗಿತ್ತು, ನಮ್ಮದು ಮನೆಯ ಒಳಗೆ ಇದೆ.

ತುಮಕೂರಿನದೇ ಇನ್ನೊಂದು ಘಟನೆ, 2022ರ ನವೆಂಬರ್. ತಮಿಳು ಮಾತಾಡುವ ಬಡ ಬಸುರಿ, ಜೊತೆಗೆ ಸಣ್ಣ ಹೆಣ್ಣುಮಗು, ಗಂಡನಿಲ್ಲ. ನೆರೆಹೊರೆಯವರು ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ತಾಯಿ ಕಾರ್ಡು, ಆಧಾರ್ ಇಲ್ಲ ಅಂತ ಸೇರಿಸಿಕೊಳ್ಳಲಿಲ್ಲ. ಮನೆಗೆ ವಾಪಸು ಬಂದು ಅವಳಿ ಮಕ್ಕಳನ್ನು ಹೆತ್ತು, ಮಕ್ಕಳ ಜೊತೆ ತಾನೂ ಸತ್ತಳು. ವೈದ್ಯರು, ದಾದಿಯರು ಅಮಾನತಾದರು, ತುರ್ತು ಹೊತ್ತಿನಲ್ಲಿ ದಾಖಲೆ ಕೇಳಬಾರದು ಅಂತ ಸರ್ಕಾರ ಹೇಳಿತು. ಆ ಮಾತು ಮೊದಲೂ ಇತ್ತು. ಅವಳಿಗೆ ಕಾರ್ಡು ಇಲ್ಲದ್ದಕ್ಕಿಂತ ಜೊತೆಗೆ ನಿಂತು ಜಗಳವಾಡುವ ಒಬ್ಬರು ಇಲ್ಲದ್ದು ಮುಳುವಾಯಿತು ಅಂತ ನನಗೆ ಅನಿಸುತ್ತದೆ. ನಮ್ಮ ಗದ್ದೆ, ಇಟ್ಟಿಗೆ ಭಟ್ಟಿಗೆ ದೂರದಿಂದ ಕೆಲಸಕ್ಕೆ ಬರುವ ಕುಟುಂಬಗಳಲ್ಲಿ ಅಂಥ ಹೆಣ್ಣುಮಕ್ಕಳು ಇದ್ದಾರೆ. ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಆಸ್ಪತ್ರೆಗೆ ಹೋದವರೆಲ್ಲ ಉಳಿಯುತ್ತಾರೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ, 2005–06ರಲ್ಲಿ ಇದು 65ರ ಆಸುಪಾಸು ಇತ್ತು. ಅಂದರೆ ಈಗ ತಾಯಂದಿರು ಸಾಯುವುದೂ ಹೆಚ್ಚಾಗಿ ಆಸ್ಪತ್ರೆಯಲ್ಲೇ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿತು. ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಎಂಬ ಗ್ಲೂಕೋಸ್‌ನಂಥ ದ್ರಾವಣದ ಮೇಲೆ ಅನುಮಾನ ಬಿತ್ತು, ಅದರ ಬಳಕೆ ನಿಲ್ಲಿಸಿದರು. ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಎಲ್ಲ ತಾಯಂದಿರ ಸಾವನ್ನೂ ತನಿಖೆ ಮಾಡಿಸಿತು. ಒಂಬತ್ತು ತಿಂಗಳಲ್ಲಿ 464 ಸಾವು. ಅದರಲ್ಲಿ ನೂರಕ್ಕೆ 70ನ್ನು ತಡೆಯಬಹುದಾಗಿತ್ತು ಅಂತ ವರದಿ ಹೇಳಿತು. ಔಷಧಿ ಕೊಳ್ಳುವಲ್ಲಿ ಅಗ್ಗದ ಟೆಂಡರು, ಪರೀಕ್ಷೆಯಲ್ಲಿ ಸಡಿಲು, ತಜ್ಞರ ಹುದ್ದೆ ಖಾಲಿ ಇವೆಲ್ಲಕ್ಕೂ ಬಲಿಯಾಗುವವರು ಸರ್ಕಾರಿ ಆಸ್ಪತ್ರೆ ಬಿಟ್ಟರೆ ಗತಿಯಿಲ್ಲದವರು. ಅನುಕೂಲಸ್ಥರು ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟು ಹೋದಷ್ಟೂ ಅಲ್ಲಿ ಕೇಳುವವರು ಕಡಿಮೆಯಾಗುತ್ತಾರೆ.

ಅನುಕೂಲಸ್ಥರ ಕಥೆ ಬೇರೆ. ದಾವಣಗೆರೆಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ, ಎರಡು ಮೆಡಿಕಲ್ ಕಾಲೇಜುಗಳಿವೆ, ಸುತ್ತಲ ಜಿಲ್ಲೆಗಳಿಂದ ಜನ ಬರುತ್ತಾರೆ. ಅದು ನಮ್ಮ ಭಾಗ್ಯ. ಆದರೆ ರಾಜ್ಯದ ಲೆಕ್ಕ ನೋಡಿದರೆ ಖಾಸಗಿ ಆಸ್ಪತ್ರೆಯ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 52.5, ಸಿಸೇರಿಯನ್. ಸರ್ಕಾರಿ ಆಸ್ಪತ್ರೆಯಲ್ಲಿ 22.6. ಅಗತ್ಯವಿದ್ದಾಗ ಸಿಸೇರಿಯನ್ ಜೀವ ಉಳಿಸುವ ದೊಡ್ಡ ವಿದ್ಯೆ. ಅಗತ್ಯವಿಲ್ಲದೆ ಹೊಟ್ಟೆ ಕೊಯ್ಯುವುದು ಬಂಗಾರ ಒತ್ತೆಯಿಡಿಸುವ ವ್ಯಾಪಾರ. ಇದರಲ್ಲಿ ವೈದ್ಯರದು ಅರ್ಧ ಪಾಲಾದರೆ ಉಳಿದರ್ಧ ಪಂಚಾಂಗದ್ದು. ಮೂಲಾ ನಕ್ಷತ್ರ ಬೇಡ, ಅಮಾವಾಸ್ಯೆ ಬೇಡ, ಬೆಳಿಗ್ಗೆ ಇಷ್ಟು ಗಂಟೆಯೊಳಗೆ ಮಗು ಹೊರಗೆ ಬರಬೇಕು ಅಂತ ಚೀಟಿ ಬರೆಸಿಕೊಂಡು ಬರುತ್ತಾರೆ. ದಿನ ತುಂಬದ ಕೂಸನ್ನು ಒಳ್ಳೆಯ ಗಳಿಗೆಗೆಂದು ತೆಗೆಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದನ್ನು ನೋಡಿದ್ದೇನೆ. ಶರಣರ ಮಕ್ಕಳಿಗೆ ರಾಹುಕಾಲದ ಭಯ!

ಬಾಲ್ಯವಿವಾಹದ ಬಗ್ಗೆ ಎರಡೇ ಮಾತು. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗಿಂತ ಹೆಚ್ಚು, ನೂರಕ್ಕೆ 21.3 ಜನರಿಗೆ, ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ. ಅದಕ್ಕೂ ಮೊದಲಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಕರ್ನಾಟಕ ತಿದ್ದುಪಡಿ ತಂದು ಅಂಥ ಮದುವೆ ಮದುವೆಯೇ ಅಲ್ಲ ಅಂತ ಮಾಡಿದೆ. ಆದರೂ ಜಾತ್ರೆಯಲ್ಲಿ, ಗುಡಿಯಲ್ಲಿ ಸದ್ದಿಲ್ಲದೆ ತಾಳಿ ಬೀಳುತ್ತದೆ. ಆ ಹುಡುಗಿ ಬಸುರಿಯಾದಾಗ ಪೊಲೀಸ್ ಕೇಸಿನ ಭಯಕ್ಕೆ ಮನೆಯವರು ಆಸ್ಪತ್ರೆಗೇ ತೋರಿಸುವುದಿಲ್ಲ. ಹದಿನಾರರ ಸೊಂಟ ಇನ್ನೂ ಬೆಳೆಯುತ್ತಿರುತ್ತದೆ. ಅವಳಿಗೆ ತಪಾಸಣೆ ಎಲ್ಲರಿಗಿಂತ ಹೆಚ್ಚು ಬೇಕು, ಅವಳನ್ನೇ ಎಲ್ಲರಿಗಿಂತ ಹೆಚ್ಚು ಬಚ್ಚಿಡುತ್ತೇವೆ. ಮದುವೆಗೆ ಆಶೀರ್ವಾದ ಕೇಳಲು ಬಂದವರಿಂದ ಹುಡುಗಿಯ ಶಾಲಾ ದಾಖಲೆ ಕೇಳುವುದು ಮಠಗಳಿಗೆ ಕಷ್ಟದ ಕೆಲಸವಲ್ಲ.

ಇನ್ನು ಗಂಡುಮಗು. ಎರಡು ಹೆಣ್ಣಾದ ಮೇಲೆ ಮೂರನೆಯದು, ನಾಲ್ಕನೆಯದು. ನಡುವೆ ಕದ್ದು ತೆಗೆಸುವುದು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿತು. ಬೆಲ್ಲ ಕಾಯಿಸುವ ಜಾಗ! ಆ ಯಂತ್ರದ ಮುಂದೆ ಮಲಗಿದವಳು ತನ್ನ ಇಷ್ಟದಿಂದ ಹೋಗಿರುತ್ತಾಳೆಯೇ? ಗಂಡು ಹೆಣ್ಣು ಭೇದವಿಲ್ಲ ಅಂತ ಬಸವ ಜಯಂತಿಯಲ್ಲಿ ಭಾಷಣ ಮಾಡುವವರು ‘ವಂಶ ಬೆಳೀಬೇಕಲ್ಲ’ ಅನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಶ್ರೀಲಂಕಾ ಶ್ರೀಮಂತ ದೇಶವಲ್ಲ. ಆದರೂ ತಾಯಂದಿರ ಸಾವನ್ನು ನಮಗಿಂತ ಬಹಳ ಮೊದಲೇ ಇಳಿಸಿತು. ಹೆಣ್ಣುಮಕ್ಕಳಿಗೆ ಓದು, ಹಳ್ಳಿಹಳ್ಳಿಗೆ ತರಬೇತಿ ಪಡೆದ ಸೂಲಗಿತ್ತಿ, ಪ್ರತಿ ಸಾವಿಗೂ ಕಾರಣ ಹುಡುಕುವ ಶಿಸ್ತು. ನಮ್ಮಲ್ಲಿ ಆ ಕೆಲಸ ಹೊತ್ತವಳು ಆಶಾ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನ ಹೆಚ್ಚಿಸಿ ಅಂತ ಕುಳಿತಿದ್ದರು. ಊರಿನ ಪ್ರತಿ ಬಸುರಿಯ ಹೆಸರು ಬಲ್ಲವರು ಅವರೊಬ್ಬರೇ. ಅವರ ಕಾಯಕವನ್ನು ಕಾಯಕ ಅಂತ ನಾವು ಯಾವ ವೇದಿಕೆಯಲ್ಲಿ ಕರೆದಿದ್ದೇವೆ?

ಪೂಜ್ಯರ ಸನ್ನಿಧಿಯಲ್ಲಿ ಕೆಲವು ಬೇಡಿಕೆ ಇಟ್ಟು ಮುಗಿಸುತ್ತೇನೆ.

ಎಂಟನೇ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಹುಟ್ಟುವ ಮೊದಲೇ ಮಗುವನ್ನು ಸಮಾಜ ತನ್ನದು ಅಂತ ಒಪ್ಪಿಕೊಳ್ಳುವ ದಿನ ಅದು. ಆ ದಿನ ಮಠಕ್ಕೆ ಬರುವಾಗ ತಾಯಿ ಕಾರ್ಡು ತರಲಿಕ್ಕೆ ಹೇಳಬೇಕು. ಕಾರ್ಡಿನಲ್ಲಿ ಬಿ.ಪಿ. ಎಷ್ಟು, ಹಿಮೋಗ್ಲೋಬಿನ್ ಎಷ್ಟು ಅಂತ ಆಶಾ ಓದಿ ಹೇಳಲಿ, ಗಂಡ ಮತ್ತು ಅತ್ತೆ-ಮಾವ ಕೇಳಿಸಿಕೊಳ್ಳಲಿ. ಎಂಟನೇ ತಿಂಗಳು ರಕ್ತ ಹೆಚ್ಚಿಸಲಿಕ್ಕೆ ತಡವಾಯಿತು, ನಾಲ್ಕನೇ ತಿಂಗಳಲ್ಲೇ ಒಮ್ಮೆ ಕರೆಸಿದರೆ ಇನ್ನೂ ಒಳ್ಳೆಯದು. ಮೂರು ತಿಂಗಳು ತುಂಬಿದ ಮೇಲೆ 180 ಕಬ್ಬಿಣದ ಮಾತ್ರೆ ನುಂಗಬೇಕು. ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ, ಹೆದರಬೇಡಿ. ಊಟವಾದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ, ಚಹಾದ ಜೊತೆ ಬೇಡ.

ತವರಿಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಹಾಕುತ್ತೀರಲ್ಲ, ಅದರ ಜೊತೆ ಆ ಕಾರ್ಡನ್ನೂ ಹಾಕಿ. ಇಲ್ಲಿಯ ಆಶಾಗೂ ಅಲ್ಲಿಯ ಆಶಾಗೂ ಫೋನಿನಲ್ಲಿ ಮಾತಾಡಿಸಿ. ಆಸ್ಪತ್ರೆಗೆ ಸೇರಿಸಲಿಕ್ಕೆ ನಮ್ಮನ್ನು ಕೇಳಬೇಕಾಗಿಲ್ಲ ಅಂತ ಬೀಗರಿಗೆ ಅವತ್ತೇ, ನಾಲ್ಕು ಜನರ ಮುಂದೆ ಹೇಳಿ. ಖರ್ಚಿನಲ್ಲಿ ಅರ್ಧ ನಮ್ಮದು ಅಂತಲೂ ಹೇಳಿ. ಮಗು ನಿಮ್ಮ ಹೆಸರು ಹೊರುತ್ತದೆ ತಾನೇ?

ಯುವಕರಿಗೆ ಒಂದು ಕೆಲಸ. ಇಲ್ಲಿಂದ ಮಲೇಬೆನ್ನೂರು, ಅಲ್ಲಿಂದ ಹರಿಹರ, ಅಲ್ಲಿಂದ ದಾವಣಗೆರೆ. 108 ಬಂದರೆ ಸರಿ, ಬರುವುದು ತಡವಾದರೆ? ಕಾರು ಇರುವವರು ಹೆಸರು, ಫೋನ್ ನಂಬರ್ ಬರೆದು ಆಶಾ ಮತ್ತು ಅಂಗನವಾಡಿಯಲ್ಲಿ ಕೊಡಿ. ಅದೇ ಪಟ್ಟಿಯಲ್ಲಿ ನಿಮ್ಮ ರಕ್ತದ ಗುಂಪನ್ನೂ ಬರೆಯಿರಿ. ಹೆಂಡತಿಗೆ ರಕ್ತ ಬೇಕು ಅಂದಾಗ ಆಸ್ಪತ್ರೆಯ ಹಿಂದಿನ ಗೇಟಿನಿಂದ ಮಾಯವಾದ ಗಂಡಂದಿರನ್ನು ಕಂಡಿದ್ದೇನೆ. ಆಂಜನೇಯನ ತೇರು ಎಳೆಯುವ ತೋಳುಗಳಿಗೆ ಒಂದು ಸೂಜಿಯ ಭಯ ಇರಬಾರದು.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಅವತ್ತು ನಾಟಿಯ ಮಾಲೀಕರು ಬಸುರಿ ಕೂಲಿಯವರಿಗೆ ಕೂಲಿ ಹಿಡಿಯದೆ ರಜೆ ಕೊಡಬೇಕು. ಮುಂದಿನ 9ನೇ ತಾರೀಖಿಗೆ ಊರಿನಿಂದ ಎಷ್ಟು ಜನ ಹೋಗಬೇಕು ಅಂತ ಆಶಾ ಇಲ್ಲೇ ಕುಳಿತಿದ್ದಾರೆ, ಅವರನ್ನು ಕೇಳಿ. ಟ್ರ್ಯಾಕ್ಸ್ ಗಾಡಿ ಇರುವ ಅಣ್ಣ ಒಬ್ಬರು ಆಗಲೇ ಕೈ ಎತ್ತಿದ್ದಾರೆ. ಇನ್ನೊಂದು ಗಾಡಿ ಬೇಕು.

ಪ್ರಶ್ನೆಗಳಿದ್ದರೆ ಕೇಳಬಹುದು. ಅಕ್ಕಂದಿರು ಮೊದಲು ಕೇಳಲಿ.